ಚಿತ್ರದ ಬೆನ್ನಿಗೆ ಬರೆದದ್ದು

ಸಫೊಕ್ ಸೀಮೆಯ ಆ ಬಯಲಲ್ಲಿ ಚಿತ್ರಗಾರ ನೆಡ್ ಥರ್ಲೋನನ್ನು ಎಲ್ಲರೂ ಮೋಡದ ಕುರುಬ ಎನ್ನುತ್ತಿದ್ದರು. ದಿನವೂ ದಿಬ್ಬದ ಮೇಲೆ ಕೂತು ಅಂಗೈಯಗಲದ ಕಾಗದದಲ್ಲಿ ಬರೀ ಆಕಾಶ ಬರೆಯುವನು. ಮುಗಿದ ಮೇಲೆ ಬೆನ್ನಿಗೆ ದಿನ, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕುವನು. ದೇವರು ತೋರಿಸಿದ ಮುಗಿಲಿಗೆ ಒಂದೆಳೆ ಸೇರಿಸಲೂ ತನಗೆ ಹಕ್ಕಿಲ್ಲವೆಂಬುದು ಅವನ ನಂಬಿಕೆ.

ಗಾಳಿಗಿರಣಿಯ ಜಾಬೆಜ್ ಪೆಕ್ ಅವನ ಬಾಲ್ಯದ ಗೆಳೆಯ. ಹಾದುಹೋಗುವಾಗಲೆಲ್ಲ, "ಇವತ್ತೆಷ್ಟು ಮೋಡ ಕಳ್ಕೊಂಡ್ಯೋ ಕುರುಬಾ?" ಎಂದು ಕೆಣಕುವನು.

ಸೆಪ್ಟೆಂಬರಿನಲ್ಲಿ ಜಾಬೆಜ್ ಸತ್ತ. ಬಿರುಗಾಳಿ ಹಿಂದಿನಿಂದ ಹೊಡೆದು ಗಿರಣಿ ಮಗುಚಿ ಅವನ ಮೇಲೇ ಬಿತ್ತು. ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ಗಿರಣಿಯ ಮುಖವನ್ನು ಅದಕ್ಕೆದುರಾಗಿ ತಿರುಗಿಸಬೇಕಾದವನು ಕುಡಿದು ಬಿದ್ದಿದ್ದ ಎಂದು ಊರು ಆಡಿಕೊಂಡಿತು.

ಗೋರಿಯ ಮಣ್ಣು ಆರುವ ಮೊದಲೇ ಅವನ ಹೆಂಡತಿ ಕೆಝಿಯಾ ನೆಡ್‌ನ ಬಳಿಗೆ ಬಂದಳು. ಮೂರು ವಾರ ಗಾಳಿಯಿಲ್ಲದೆ ನಿಂತ ಗಿರಣಿ, ಗಾಳಿ ಬಂದದ್ದೇ ಎರಡು ಹಗಲು ಎರಡು ರಾತ್ರಿ ಬಿಡದೆ ಹಿಟ್ಟು ಬೀಸಿತ್ತು. ಗಂಡ ಹೆಂಡದ ಹನಿಯನ್ನೂ ಮುಟ್ಟಿರಲಿಲ್ಲ, ಎರಡು ರಾತ್ರಿ ಎಚ್ಚರವಿದ್ದವನಿಗೆ ನಿದ್ದೆ ಹತ್ತಿರಬೇಕು ಎಂದಳು. ಬಿರುಗಾಳಿ ಹೇಳದೆ ಕೇಳದೆ ಬಂತೆಂದು ನೆಡ್ ಹೇಳಿದರೆ ಊರು ನಂಬೀತು, ಅವನು ಸುಳ್ಳಾಡುವವನಲ್ಲ ಎಂದಳು.

ನೆಡ್ ಆ ದಿನದ ಕಾಗದ ತೆಗೆದ. ಕೆಝಿಯಾಗೆ ಓದು ಬರದು. ಏನು ಓದಿದರೂ ನಂಬುತ್ತಿದ್ದಳು. ಆದರೂ ಇದ್ದದ್ದನ್ನೇ ಓದಿದ: ಒಂಬತ್ತನೆಯ ತಾರೀಖು, ಬೆಳಿಗ್ಗೆ ಹತ್ತು ಗಂಟೆ. ದಕ್ಷಿಣದ ಗಾಳಿ. ಉತ್ತರದಲ್ಲಿ ಕರಿಮೋಡ. ಇನ್ನೊಂದು ತಾಸಿಗೆ ಗಾಳಿ ತಿರುಗಿ ಬಿರುಸಾಗುವುದು ಖಂಡಿತ.

ಕೆಝಿಯಾ ಆ ಕಾಗದವನ್ನು ಕೈಗೆ ತೆಗೆದುಕೊಂಡಳು.

"ಒಂದು ತಾಸು ಮುಂಚೇನೇ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ದಿಬ್ಬದಿಂದ ಗಿರಣಿಗೆ ಎಷ್ಟು ದೂರ, ನೆಡ್?"

"ಕಾಲು ತಾಸಿನ ದಾರಿ." ಅವನು ತಲೆಯೆತ್ತಲಿಲ್ಲ. "ಅವನೂ ನೋಡಿರ್ತಾನೆ ಅಂದ್ಕೊಂಡೆ. ಮೋಡ ತುಂಬಾ ಚೆನ್ನಾಗಿತ್ತು, ಕೆಝಿಯಾ. ಬಿಟ್ಟು ಏಳೋಕೆ ಮನಸ್ಸಾಗ್ಲಿಲ್ಲ."

ಅವಳು ಅಳಲಿಲ್ಲ, ಬಯ್ಯಲಿಲ್ಲ. ಶಾಲು ಹೊದ್ದು ಬಾಗಿಲಲ್ಲಿ ನಿಂತಳು.

"ಆ ದಿನದ್ದನ್ನ ದೊಡ್ಡದಾಗಿ ಬರಿ. ಮೋಡ ಹೇಗಿತ್ತೋ ಹಾಗೇ. ಕೆಳಗೆ ನಿನ್ನನ್ನೂ ಕೂರ್ಸು."

ಆಕಾಶ ನಾಲ್ಕೇ ದಿನದಲ್ಲಿ ಮುಗಿಯಿತು. ಗಿರಣಿಗೆ ಬೆನ್ನು ಹಾಕಿ ದಿಬ್ಬದ ಮೇಲೆ ಕೂತ, ಹೆಬ್ಬೆರಳುದ್ದದ ಆ ಮನುಷ್ಯನನ್ನು ಬರೆಯಲು ಚಳಿಗಾಲವೆಲ್ಲ ಹಿಡಿಯಿತು. ಈಸ್ಟರ್ ಭಾನುವಾರ ನೆಡ್ ಚಿತ್ರವನ್ನು ಚರ್ಚಿನ ಬಾಗಿಲಿಗೆ ಹೊತ್ತು ತಂದು, ಬೆನ್ನಿಗೆ ಬರೆದದ್ದನ್ನು ನೆರೆದವರೆದುರು ಓದಿದ. ದಿನ, ಹೊತ್ತು, ಗಾಳಿಯ ದಿಕ್ಕು. ಅದರ ಕೆಳಗೆ: "ಜಾಬೆಜ್ ಕುಡಿದಿರಲಿಲ್ಲ, ದಣಿದು ಮಲಗಿದ್ದ. ಎಚ್ಚರವಿದ್ದವನು ನಾನು."

ಆಮೇಲೆ ಯಾರೂ ಜಾಬೆಜನನ್ನು ಕುಡುಕನೆನ್ನಲಿಲ್ಲ. ನೆಡ್‌ನನ್ನು ಮೋಡದ ಕುರುಬ ಎಂದೂ ಯಾರೂ ಕೆಣಕಲಿಲ್ಲ.