ಚಮಚದಲ್ಲಿ ಉರಿದ ನೀಲಿ

ನಮ್ಮ ಮನೆ ನಡೆಯುತ್ತಿದ್ದದ್ದು ನಮ್ಮ ಯಜಮಾನರ ಕಣ್ಣಿನಿಂದ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬೆಳಿಗ್ಗೆ ಹೊರಡುವ ಮೊದಲ ಬಸ್ಸಿಗೆ ಅವರು ಡ್ರೈವರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಆ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಹೊಗೆಯಿಂದ ಇಂಜಿನ್ನು ಓಡಿಸುತ್ತಿದ್ದರು. ಯುದ್ಧ ಮುಗಿದರೂ ಒಲೆ ಇಳಿದಿರಲಿಲ್ಲ. ಹೊಗೆ, ಧೂಳು, ದಾರಿಗೆ ಅಡ್ಡ ಮಲಗುವ ಎಮ್ಮೆ, ಎಲ್ಲದರ ನಡುವೆಯೂ ದೇವರಾಜು ಓಡಿಸಿದರೆ ಗರ್ಭಿಣಿಯೂ ನಿದ್ದೆ ಮಾಡಬಹುದು ಎನ್ನುತ್ತಿದ್ದರು ಜನ. ನಾನು ಎರಡು ಎಮ್ಮೆ ಕಟ್ಟಿಕೊಂಡು ಹೋಟೆಲಿಗೆ ಹಾಲು ಹಾಕುತ್ತಿದ್ದೆ. ಅದು ಮಕ್ಕಳ ಬಟ್ಟೆಗಾಯಿತು, ಹೊಟ್ಟೆಗೆ ಅವರ ಸಂಬಳವೇ.

ಅವರಿಗಿದ್ದ ಚಟ ಒಂದೇ. ಭಾನುವಾರ ಮಧ್ಯಾಹ್ನ ನಮ್ಮ ಹಿತ್ತಲ ಗಾಡಿಕೊಟ್ಟಿಗೆಯಲ್ಲಿ ಮೂವರು ಸೇರುತ್ತಿದ್ದರು. ಇವರು, ಬಸ್ಸಿನ ಫಿಟ್ಟರು ತಿಮ್ಮಪ್ಪ, ಪೇಟೆಯಲ್ಲಿ ದಿನಸಿ ಅಂಗಡಿಯಿಟ್ಟಿದ್ದ ಪಂಚಾಕ್ಷರಯ್ಯನವರು. ಹೊಳೆನರಸೀಪುರದ ಅಂಗಡಿಯ ಸಾರಾಯಿ ಹೇಗೆ, ಅರಕಲಗೂಡಿನದು ಹೇಗೆ ಎಂದು ಸ್ವಲ್ಪ ಸ್ವಲ್ಪ ಕುಡಿದು ಹೋಲಿಸುವುದು, ಎತ್ತಿನ ಜೋಡಿಯನ್ನು ತೂಗಿ ನೋಡುವಂತೆ ಅದಕ್ಕೊಂದು ಜಗಳ. ಅಮಲೇರುವಷ್ಟು ಕುಡಿದು ಬಿದ್ದವರಲ್ಲ. ಬೈದು ಬೈದು ನನಗೂ ಸಾಕಾಗಿ, ಕಡಲೆಕಾಯಿ ಹುರಿದುಕೊಟ್ಟು ನನ್ನ ಕೆಲಸಕ್ಕೆ ಹೋಗುತ್ತಿದ್ದೆ.

ಪಂಚಾಕ್ಷರಯ್ಯನವರು ಕೊರಳಲ್ಲಿ ಲಿಂಗ ಧರಿಸಿದವರು, ತೊಟ್ಟು ಮುಟ್ಟುತ್ತಿರಲಿಲ್ಲ. ಆದರೂ ತೀರ್ಪು ಅವರದೇ. ಅವರ ಸೋದರಮಾವ ಹಿಂದೆ ಸಾರಾಯಿ ಕಂಟ್ರಾಕ್ಟರ ಹತ್ತಿರ ಗುಮಾಸ್ತರಾಗಿದ್ದು ಒಂದು ಪರೀಕ್ಷೆ ಕಲಿಸಿದ್ದರಂತೆ. ಚಮಚಕ್ಕೆ ಹೊಯ್ದು ಕಡ್ಡಿ ಗೀರುವುದು. ನೀಲಿಯಾಗಿ ಉರಿದು ಚಮಚ ಒಣಗಿದರೆ ಅಪ್ಪಟ ಮಾಲು, ತಳದಲ್ಲಿ ನೀರುಳಿದರೆ ಕಲಬೆರಕೆ. ಆಗ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮೋಸ ಅದೊಂದೇ, ನೀರು ಬೆರೆಸುವುದು.

ಆ ಸಲ ತಿಮ್ಮಪ್ಪ ಬೆಂಗಳೂರಿಗೆ ಬಸ್ಸಿನ ಸಾಮಾನು ತರಲು ಹೋದವನು ಮೂರು ಸೀಸೆ ವಿಸ್ಕಿ ತಂದ. ಊರಿಗೆ ಹೊರಟ ಅಮೆರಿಕದ ಸಿಪಾಯಿಗಳ ಉಳಿಕೆ ಮಾಲಂತೆ. ಗೋಧಿಯ ಬಡಕಲು ತಮ್ಮನಂತಿರುವ ರೈ ಅನ್ನುವ ಕಾಳಿನಿಂದ ಇಳಿಸಿದ್ದಂತೆ. ಎರಡು ಸೀಸೆಯ ಮುಚ್ಚಳಕ್ಕೆ ಹರಿದ ಕಾಗದದ ಪಟ್ಟಿಯಿತ್ತು. ಮೂರನೆಯದಕ್ಕೆ ಕೆಂಪು ಅರಗು ಹಾಕಿ ಭದ್ರ ಮಾಡಿತ್ತು.

ನಾನು ಕಡಲೆಕಾಯಿ ಇಟ್ಟು ಬರುವ ಹೊತ್ತಿಗೆ ಮೊದಲ ಸೀಸೆ ತೆರೆದಿತ್ತು. ಇವರು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ, ನಾಲಗೆ ತುದಿಗೆ ಮೆಣಸು ಇಟ್ಟಂಗಿದೆ, ಹಿಂದಿಂದ ಸುಟ್ಟ ಮರದ ವಾಸನೆ ಬತ್ತದೆ ಅಂದರು. ಎರಡನೆಯದು ಅದಕ್ಕಿಂತ ಮೆತ್ತಗೆ, ಲವಂಗ ಹಾಕಿದ ಬೆಲ್ಲದ ಪಾಕದ ಹಾಗೆ ಎಂದರು. ತಿಮ್ಮಪ್ಪ ಎರಡಕ್ಕೂ ಮುಖ ಸಿಂಡರಿಸಿದ.

ಪಂಚಾಕ್ಷರಯ್ಯನವರು ನನ್ನಿಂದ ಒಗ್ಗರಣೆಯ ಕಬ್ಬಿಣದ ಚಮಚ ಇಸಿದುಕೊಂಡರು. ಮೊದಲೆರಡು ಸೀಸೆಯದು ಬೆಚ್ಚಗೆ ಮಾಡಿದ ಮೇಲೆ ಹೇಗೋ ಹತ್ತಿ, ಬೇಗ ಆರಿ, ತಳದಲ್ಲಿ ನೀರುಳಿಸಿತು. ಮೂರನೆಯದಕ್ಕೆ ಕಡ್ಡಿ ತೋರಿಸುತ್ತಲೇ ಹತ್ತಿಕೊಂಡಿತು. ಕೊಟ್ಟಿಗೆಯ ಕತ್ತಲಲ್ಲಿ ಅಗಸೆ ಹೂವಿನಂಥ ನೀಲಿ. ಉರಿದು ಮುಗಿದಾಗ ಚಮಚ ಒರೆಸಿಟ್ಟ ಹಾಗಿತ್ತು.

"ಅವೆರಡಕ್ಕೂ ಅರ್ಧಕ್ಕರ್ಧ ನೀರು ಹುಯ್ದವರೆ," ಎಂದರು ಪಂಚಾಕ್ಷರಯ್ಯನವರು. "ಇದು ನೋಡು ಮಾಲು ಅಂದ್ರೆ."

ಇವರು ಮೂರನೆಯದನ್ನು ಕುಡಿದು ತಲೆ ಆಡಿಸಿದರು. "ಇದಕ್ಕೆ ಮುಖಾನೇ ಇಲ್ಲ ಕಣ್ಲಾ. ಬಾಯಿಗೆ ಏನೂ ಹೇಳದೆ ಅಂಗೇ ಇಳೀತದೆ."

"ಸೌಕಾರ್ರು ಬೆಂಕಿ ಇಟ್ಟು ತೋರ್ಸವ್ರೆ, ಬೆಂಕಿ ಸುಳ್ಳು ಹೇಳ್ತದಾ? ನಿನ್ನ ನಾಲಗೆಗೆ ಇದ್ದಿಲು ಹೊಗೆ ಹಿಡ್ದದೆ, ತೊಳಕೊಂಡು ಬಾ ಓಗು," ಎಂದ ತಿಮ್ಮಪ್ಪ.

ನಗು ಒಳಮನೆಯವರೆಗೂ ಕೇಳಿತು. ಆಮೇಲೆ ತಿಮ್ಮಪ್ಪ ಅರಗಿನ ಸೀಸೆ ಬಿಟ್ಟು ಬೇರೆಯದನ್ನು ಮುಟ್ಟಲಿಲ್ಲ. ಇವರಿಗೆ ಮಾತ್ರ ಅನುಮಾನ ತೀರದೆ ಅದರಿಂದ ಒಂದು ಗುಟುಕು, ಮೊದಲನೆಯದರಿಂದ ಒಂದು, ಮತ್ತೆ ಎರಡನೆಯದು, ಹೀಗೆ ಸಂಜೆಯವರೆಗೆ ಹೋಲಿಸುತ್ತ ಕುಳಿತರು.

ಸೋಮವಾರ ಬೆಳಿಗ್ಗೆ ತಿಮ್ಮಪ್ಪ ಕೆಲಸಕ್ಕೆ ಬರಲಿಲ್ಲ. ರಾತ್ರಿಯಿಂದ ವಾಂತಿ, ಹೊಟ್ಟೆ ನುಲಿಯುತ್ತಿದೆ ಎಂದು ಅವನ ಹೆಂಡತಿ ಮುದ್ದಮ್ಮ ಹೇಳಿಕಳಿಸಿದಳು. ಅಮಲಿಳಿದಿಲ್ಲ ಎಂದುಕೊಂಡು ಇವರೇ ಇದ್ದಿಲು ಹಾಕಿ, ಒಲೆಗೆ ಗಾಳಿ ಊದುವ ಚಕ್ರ ತಿರುಗಿಸಿ ಬಸ್ಸು ಹೊರಡಿಸಿದರು. ಮುಂದಿನದನ್ನು ನನಗೆ ಹೇಳಿದವನು ಕಂಡಕ್ಟರು ಬಸವರಾಜು.

ಶಾಂತಿಗ್ರಾಮ ಇನ್ನೂ ಸ್ವಲ್ಪ ದೂರವಿರುವಾಗ ಇವರು ಬಸ್ಸಿನ ವೇಗ ಇಳಿಸಿದರಂತೆ. ಇವತ್ತೇನು ಇಷ್ಟು ಮಂಜು ಬಿದ್ದದೆ ಎಂದರಂತೆ. ಬಸವರಾಜು ಹೊರಗೆ ನೋಡಿದ. ಬಿಸಿಲು ಹೊಡೆಯುತ್ತಿತ್ತು, ರಸ್ತೆಯ ಪಕ್ಕ ರಾಗಿ ಒಕ್ಕುವ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದರು.

"ಮಂಜೆಲ್ಲಿ ಸಾ, ಬಿಸಿಲು ಬಂದದಲ್ಲ," ಎಂದ.

ಇವರು ರಸ್ತೆಯ ಎಡಕ್ಕೆ ಬಸ್ಸನ್ನು ಮೆಲ್ಲಗೆ ಸರಿಸಿ, ಬ್ರೇಕು ಕಟ್ಟಿ, ಚಕ್ರಕ್ಕೆ ಕಲ್ಲು ಕೊಡು ಎಂದರಂತೆ. ಆಮೇಲೆ ಎರಡು ಕೈಯನ್ನೂ ಮುಖದ ಮುಂದೆ ಹಿಡಿದು ತಿರುಗಿಸಿ ನೋಡಿಕೊಂಡರಂತೆ. ಹಿಂದೆ ಕೂತವರಿಗೆ ಏನೂ ಗೊತ್ತಾಗಲಿಲ್ಲ. ಒಲೆ ಕೆದಕುವುದಕ್ಕೆ ನಿಲ್ಲಿಸಿದ್ದಾರೆಂದು ಇಳಿದು ಬೀಡಿ ಹಚ್ಚಿದರು.

ಇವರನ್ನು ಹಾಲಿನ ಲಾರಿಯಲ್ಲಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ನಾನು ಮಕ್ಕಳನ್ನು ಅಕ್ಕಪಕ್ಕದವರಿಗೆ ಒಪ್ಪಿಸಿ ಹೊರಟಾಗ, ತಿಮ್ಮಪ್ಪನ ಮನೆಯ ಮುಂದೆ ಜನ ಸೇರಿತ್ತು. ಅವನು ಹೋಗಿಬಿಟ್ಟಿದ್ದ. ಮುದ್ದಮ್ಮನ ಮುಖ ನೋಡುವ ಧೈರ್ಯವಾಗದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಅರಗಿನ ಸೀಸೆಯಲ್ಲಿದ್ದದ್ದು ಮರಕ್ಕೆ ಪಾಲಿಷ್ ಹಾಕುವ ಸ್ಪಿರಿಟ್ಟು, ಸುಟ್ಟ ಸಕ್ಕರೆ ಹಾಕಿ ಬಣ್ಣ ಕಟ್ಟಿದ್ದು, ಎಂದರು ಮೂರೂ ಸೀಸೆಯಿಂದ ಸ್ವಲ್ಪ ಸ್ವಲ್ಪ ತರಿಸಿ ನೋಡಿದ ಡಾಕ್ಟರು. ಅದಕ್ಕೆ ಬೆಂಕಿ ಇಟ್ಟರೆ ಹಾಗೆಯೇ ಚೊಕ್ಕಟವಾಗಿ ಉರಿಯುತ್ತದಂತೆ. ಉಳಿದೆರಡು ಸೀಸೆ ನಿಜವಾದ ವಿಸ್ಕಿಯೇ. ವಿಸ್ಕಿಯಲ್ಲಿ ಯಾವಾಗಲೂ ಅಷ್ಟು ನೀರು ಇರುತ್ತದಂತೆ. ಇವರು ನಡುನಡುವೆ ಅದನ್ನು ಕುಡಿದದ್ದರಿಂದ ವಿಷ ನಿಧಾನಿಸಿ ಜೀವ ಉಳಿದಿದೆ. ಕಣ್ಣು ಮಾತ್ರ ಹೇಳಲಾಗದು, ಸಂಕ್ರಾಂತಿಯ ಹೊತ್ತಿಗೆ ಬೆಳಕು ಮರಳಿದರೆ ಮರಳಿತು. ಅಲ್ಲಿಯವರೆಗೆ ಬದಲಿಯವನಿಂದ ಬಸ್ಸು ಓಡಿಸಿ ಇವರ ಜಾಗ ಖಾಲಿ ಇಟ್ಟಿರುತ್ತೇನೆ ಎಂದು ಬಸ್ಸಿನ ಮಾಲೀಕರು ಹೇಳಿಕಳಿಸಿದರು.

ಇವರನ್ನು ಮನೆಗೆ ಕರೆತಂದ ಮೇಲೆ ಪಂಚಾಕ್ಷರಯ್ಯನವರು ಆಗಾಗ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಅಕ್ಕಿ, ಬೇಳೆ ಕಳಿಸುತ್ತಿದ್ದರು. ಅದನ್ನು ಬೇಡವೆನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ, ಒಲೆಗೆ ಹಾಕುವಾಗ ಮಾತ್ರ ಕೈ ಭಾರವಾಗುತ್ತಿತ್ತು. ಇವರು ಅವರನ್ನು ಒಂದು ಮಾತೂ ಅನ್ನಲಿಲ್ಲ. ಕಿರಿಮಗಳು ಬಾಗಿಲಲ್ಲಿ ನಿಂತರೆ, ಯಾರೋ ನಿಂತಂಗದೆ, ನೀನೇ ಏನವ್ವ ಎನ್ನುತ್ತಿದ್ದರು. ಅವಳ ಕಾಲ್ಗೆಜ್ಜೆ ಕೇಳಿ ಹೇಳುತ್ತಾರೋ ನೆರಳು ಕಂಡು ಹೇಳುತ್ತಾರೋ ನನಗೆ ತಿಳಿಯದು. ಒಂದು ದಿನ ಅವಳ ಗೆಜ್ಜೆ ಬಿಚ್ಚಿ ಕಳಿಸೋಣ ಎಂದುಕೊಂಡು, ಮನಸ್ಸು ಬಾರದೆ ಸುಮ್ಮನಾದೆ.

ಸಂಕ್ರಾಂತಿಯ ಮರುದಿನ ಪಂಚಾಕ್ಷರಯ್ಯನವರು ಕೊಟ್ಟಿಗೆಯ ಸೂರಿನಲ್ಲಿ ಉಳಿದಿದ್ದ ಆ ಅರಗಿನ ಸೀಸೆಯನ್ನು ಹೂಳಲು ಗುದ್ದಲಿ ಕೇಳಿದರು.

"ಬಿಸಾಕೋಕೆ ಮುಂಚೆ ಒಂದು ಚಮಚ ಹಚ್ಚು," ಎಂದರು ಇವರು. "ನೋಡ್ತೀನಿ."

ನಾನೇ ಚಮಚ ತಂದುಕೊಟ್ಟೆ. ಪಂಚಾಕ್ಷರಯ್ಯನವರು ಗೀರಿದ ಎರಡು ಕಡ್ಡಿ ಮುರಿದವು. ಮೂರನೆಯದಕ್ಕೆ ಹತ್ತಿಕೊಂಡಿತು. ಅದೇ ನೀಲಿ. ಇವರು ಕಣ್ಣು ಅರಳಿಸಿ, ಚಮಚವಿದ್ದ ಕಡೆಗಿಂತ ಒಂದು ಗೇಣು ಆಚೆಗೆ ನೋಡುತ್ತಿದ್ದರು.

"ಹತ್ತಿತಾ?"

ಪಂಚಾಕ್ಷರಯ್ಯನವರು ನನ್ನ ಕಡೆ ನೋಡಿದರು. "ಇಲ್ಲ ಕಣಪ್ಪ. ಮಾಲು ತಣ್ಣಗಾಗಿದೆ, ಹತ್ತಲಿಲ್ಲ."

ಇವರು ಕೈ ಚಾಚಿ ಮೆಲ್ಲಗೆ ಮುಂದಕ್ಕೆ ತಂದರು. ಬೆರಳು ಉರಿಗೆ ತಾಕುವ ಮೊದಲೇ ನಿಂತಿತು. ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದರು, ಚಳಿ ಕಾಯಿಸಿಕೊಳ್ಳುವವರಂತೆ.

"ಸುಳ್ಳು ಯಾಕೇಳ್ತೀಯ ಪಂಚಾಕ್ಸರಿ. ಬಿಸಿ ಬತ್ತಾ ಅದೆ."

ಉರಿ ತಾನಾಗಿ ಆರಿತು. ಚಮಚದ ತಳದಲ್ಲಿ ಒಂದು ತೊಟ್ಟೂ ಉಳಿದಿರಲಿಲ್ಲ. ಪಂಚಾಕ್ಷರಯ್ಯನವರು ಅಭ್ಯಾಸದಿಂದ ಅದನ್ನು ಬಗ್ಗಿ ನೋಡಿ, ನೋಡಿದ್ದಕ್ಕೆ ಮುಖ ಮುಚ್ಚಿಕೊಂಡರು.

ಇವರು ಗೂಟದಲ್ಲಿ ನೇತುಹಾಕಿದ್ದ ಖಾಕಿ ಕೋಟಿಗಾಗಿ ಗೋಡೆ ತಡವಿದರು. ನಾನು ತೆಗೆದುಕೊಟ್ಟೆ. ಜೇಬಿನಿಂದ ತಮ್ಮ ಪಾಲಿನ ಬಸ್ಸಿನ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಬಸವರಾಜು ಕೈಲಿ ಕಳ್ಸು," ಎಂದರು. "ಬೇರೆ ಡ್ರೈವರು ನೋಡ್ಕಳ್ಳಿ ಅನ್ನು."