ದೊಡ್ಡ ಗಾಲಿಗಳು ತುಳಿದ ದಾರಿ

ಬಿರುಗಾಳಿ ನಿಂತ ಬೆಳಿಗ್ಗೆ ಗ್ರೋವಾ ಅಡುಗೆಮನೆಯ ಬಾಗಿಲನ್ನು ಒಳಕ್ಕೆಳೆದಾಗ ಎದುರಿಗೆ ಬಾಗಿಲಿನಷ್ಟೇ ಎತ್ತರದ ಹಿಮದ ಗೋಡೆ ನಿಂತಿತ್ತು. ಹೊರಗಿನ ಹಿಡಿಕೆಯ ಅಚ್ಚು ಕೂಡ ಅದರಲ್ಲಿ ಸ್ಪಷ್ಟವಾಗಿ ಮೂಡಿತ್ತು. ಸಲಿಕೆಯಿಂದ ಕೊರೆದು ಹೊರಗೆ ಬಂದವಳು ಮೊದಲು ನೋಡಿದ್ದು ಮನೆಯ ಹಿಂದಿನ ಗುಡ್ಡವನ್ನು. ಗುಡ್ಡದ ಆಚೆಯ ಕಣಿವೆಯಲ್ಲಿ ಅವಳ ಹದಿಮೂರು ಕುದುರೆಗಳಿದ್ದವು.

ಉತ್ತರ ಐಸ್‌ಲ್ಯಾಂಡಿನ ಆ ಸೀಮೆಯಲ್ಲಿ ಕುದುರೆಗಳು ಚಳಿಗಾಲವನ್ನೂ ಬಯಲಿನಲ್ಲೇ ಕಳೆಯುತ್ತವೆ. ಗಾಳಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ, ಒಂದಕ್ಕೊಂದು ಒತ್ತಿಕೊಂಡು ನಿಂತರೆ ಎಂಥ ಗಾಳಿಯೂ ದಾಟಿಹೋಗುತ್ತದೆ. ಆದರೆ ಈ ಸಲದ್ದು ಬೇರೆಯೇ ಆಗಿತ್ತು. ಮೊದಲು ಒದ್ದೆ ಹಿಮ ಸುರಿದು ಎಲ್ಲದರ ಮೈಗೂ ಅಂಟಿಕೊಂಡಿತು. ಅದರ ಬೆನ್ನಿಗೇ ಕೊರೆಯುವ ಥಂಡಿ ಇಳಿಯಿತು. ವಿದ್ಯುತ್ ಕಂಬಗಳು ಸಾಲಾಗಿ ಮುರಿದು ಬಿದ್ದಿದ್ದವು. ಊರಿನ ರಕ್ಷಣಾ ದಳದವರು ಆಸ್ಪತ್ರೆಯ ದಾರಿ ಬಿಡಿಸುವುದರಲ್ಲಿ ಮುಳುಗಿದ್ದರು. ಗ್ರೋವಾ ತನ್ನ ಟ್ರ್ಯಾಕ್ಟರನ್ನು ಹೊರಡಿಸಿ ನೋಡಿದಳು. ಅದು ಗೇಟು ದಾಟುವಷ್ಟರಲ್ಲೇ ಆಸನದವರೆಗೆ ಹೂತುಹೋಯಿತು.

ಉಳಿದದ್ದು ಒಂದೇ ದಾರಿ. ಆ ದಾರಿಯ ಹೆಸರು ಇಲ್ಲುಗಿ.

ಇಲ್ಲುಗಿ ಪಕ್ಕದ ಹೊಲದವನು, ಊರಿನ ಶಾಲೆಯ ಸಂಗೀತದ ಮೇಷ್ಟ್ರು. ಮದುವೆ ಆಗಿರಲಿಲ್ಲ. ಅವನ ಪ್ರೀತಿಯೆಲ್ಲ ಒಂದು ಹಳೆಯ ಜೀಪಿನ ಮೇಲೆ. ಕಂಪನಿ ಕೊಟ್ಟ ಟೈರುಗಳನ್ನು ಕಿತ್ತೆಸೆದು, ರಿಮ್‌ಗಳನ್ನು ಸೀಳಿ, ನಡುವೆ ಪಟ್ಟಿ ಬೆಸೆದು ಅಗಲ ಮಾಡಿಸಿದ್ದ. ಅವುಗಳ ಮೇಲೆ ಸೊಂಟದ ಎತ್ತರದ ಟೈರು ಕೂರಿಸಿದ್ದ. ಟೈರು ಒಳಗೆ ಹಿಡಿಸಲೆಂದು ಜೀಪಿನ ಮೈಯನ್ನೇ ಕತ್ತರಿಸಿದ್ದ. ಒಂದು ಚಳಿಗಾಲವಿಡೀ ಎರಡು ಟೈರುಗಳು ಅವನ ನಡುಮನೆಯಲ್ಲಿ ಪಿಯಾನೊದ ಪಕ್ಕದಲ್ಲೇ ಇದ್ದವು. ಆ ಗಾಡಿಗೆ ಆನೆಕಾಲು ರೋಗ ಬಂದಿದೆ ಎಂದು ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಿ ನಗಿಸಿದವಳು ಗ್ರೋವಾಳೇ.

"ಇಲ್ಲುಗಿ, ನಿನ್ನ ಗಾಡಿ ಗುಡ್ಡ ಹತ್ತುತ್ತಾ?" ಎಂದು ಫೋನಿನಲ್ಲಿ ಕೇಳಿದಳು.

"ಯಾವ್ದು, ಆನೆಕಾಲಿನದಾ?"

"ಅದೇ. ಆಮೇಲೆ ಬೇಕಾದ್ರೆ ಹಂಗ್ಸು. ಕುದುರೆಗಳು ಆ ಕಡೆ ಇದಾವೆ."

"ಮನೇಲಿರೋ ಸಲಿಕೆ ಎಲ್ಲಾ ತಗೊಂಡು ನಿಂತಿರು," ಎಂದ.

ಜೀಪು ರಸ್ತೆಯ ಮೇಲೆ ಬರಲಿಲ್ಲ. ರಸ್ತೆ ಎಲ್ಲಿತ್ತೆಂಬುದೇ ತಿಳಿಯುತ್ತಿರಲಿಲ್ಲ. ಹೊಲದ ನಡುವೆ, ಹೂತುಹೋದ ಬೇಲಿಯ ತಲೆಯ ಮೇಲೆಯೇ, ದೋಣಿಯಂತೆ ತೂಗಾಡುತ್ತ ಬಂದು ನಿಂತಿತು. ಇಲ್ಲುಗಿ ಬಾಗಿಲು ತೆರೆದು ಕೆಳಗಿಳಿದ. ಇಳಿದವನು ಸೊಂಟದವರೆಗೆ ಹೂತುಹೋದ. ಅವನ ಪಕ್ಕದಲ್ಲೇ ಜೀಪು ಹಿಮದ ಮೇಲೆ ಹಾಯಾಗಿ ನಿಂತಿತ್ತು. ಗಾಲಿಗಳು ಒಂದು ಗೇಣು ಕೂಡ ಇಳಿದಿರಲಿಲ್ಲ. ಒಬ್ಬ ಬಡಕಲು ಮೇಷ್ಟ್ರನ್ನು ಹೊರಲಾರದ ಹಿಮ ಎರಡೂವರೆ ಟನ್ ಕಬ್ಬಿಣವನ್ನು ಹೊತ್ತು ನಿಂತದ್ದನ್ನು ನೋಡಿ ಗ್ರೋವಾ ಸಲಿಕೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಳು.

"ಹತ್ತು, ಹತ್ತು. ಬೆಳಕು ಇರೋದೇ ಗೇಣುದ್ದ," ಎಂದ ಇಲ್ಲುಗಿ.

ಗುಡ್ಡದ ಬುಡದಲ್ಲಿ ಅವನು ಮತ್ತೆ ಇಳಿದು ನಾಲ್ಕೂ ಟೈರುಗಳಿಂದ ಗಾಳಿ ಬಿಡತೊಡಗಿದ. ಬುಸ್ಸೆನ್ನುವ ಸದ್ದು ಬಿಳಿ ಬಯಲಿನಲ್ಲಿ ಬಹಳ ದೂರ ಹೋಯಿತು. ಟೈರುಗಳು ಸುಕ್ಕುಗಟ್ಟಿ, ಪಕ್ಕೆ ಉಬ್ಬಿಸಿಕೊಂಡು, ನೆಲಕ್ಕೆ ಹರಡಿಕೊಂಡವು.

"ಇದು ಪಂಕ್ಚರ್ ಆದಂಗೆ ಕಾಣ್ತಿದೆಯಲ್ಲೋ."

"ಮುಕ್ಕಾಲು ಪಂಕ್ಚರ್ರೇ ಅನ್ನು. ಪಾದ ಅಗಲ ಆದಷ್ಟೂ ಹೂತೋಗಲ್ಲ. ಗಟ್ಟಿ ಟೈರು ಹಿಮಾನ ಅಗೀತದೆ, ಮೆತ್ತಗಿರೋದು ತುಳೀತದೆ."

ಜೀಪು ನಡೆಯುವ ಮನುಷ್ಯನಿಗಿಂತ ನಿಧಾನವಾಗಿ ಏರತೊಡಗಿತು. ಕಿಟಕಿಯಿಂದ ಬಗ್ಗಿ ನೋಡಿದ ಗ್ರೋವಾಳಿಗೆ ಟೈರಿನ ಹೊಟ್ಟೆ ಹಿಮದ ಪ್ರತಿ ಉಬ್ಬುತಗ್ಗಿಗೂ ಮಡಚಿ ಬಿಚ್ಚಿಕೊಳ್ಳುವುದು ಕಾಣುತ್ತಿತ್ತು. ಹುಟ್ಟಿದಾಗಿನಿಂದ ಈ ಗುಡ್ಡವನ್ನು ನೋಡಿದವಳು ಅವಳು. ನಡುಚಳಿಗಾಲದಲ್ಲಿ, ಇಷ್ಟು ಹಿಮದ ಮೇಲೆ, ಯಾರೂ ಇದನ್ನು ಹತ್ತಿದ್ದನ್ನು ಕೇಳಿರಲಿಲ್ಲ. ಕಾಲ ಕೆಳಗೆ ಬೇಲಿಗಳು, ಬಂಡೆಗಳು, ಒಂದು ಇಡೀ ಹಳ್ಳ ಹೂತುಹೋಗಿದ್ದವು.

ನೆತ್ತಿಯ ಹತ್ತಿರ ಇಳಿಜಾರಿಗೆ ಅಡ್ಡಲಾಗಿ ಸಾಗುವಾಗ ಜೀಪು ಒಮ್ಮೆ ಕುಸಿದು ವಾಲಿತು. ಕೆಳಗಡೆಯ ಹಿಂದಿನ ಟೈರು ರಿಮ್ಮನ್ನು ಬಿಟ್ಟು ಜಾರಿ, ಖಾಲಿ ಚೀಲದಂತೆ ಜೋತುಬಿದ್ದಿತ್ತು.

"ಮುಗೀತು," ಎಂದಳು ಗ್ರೋವಾ.

"ಏನೂ ಮುಗಿದಿಲ್ಲ. ಆ ಹಲಗೆ ಕೊಡು."

ಹಲಗೆಯ ಮೇಲೆ ಜಾಕ್ ಇಟ್ಟು ಗಾಡಿಯನ್ನು ಎತ್ತಿದ. ಇಬ್ಬರೂ ಕೈಯಿಂದಲೇ ಟೈರಿನೊಳಗಿನ ಹಿಮವನ್ನು ತೋಡಿ ತೆಗೆದರು. ಆಮೇಲೆ ಇಲ್ಲುಗಿ ಜೇಬಿನಿಂದ ಲೈಟರಿಗೆ ಹಾಕುವ ಎಣ್ಣೆಯ ಡಬ್ಬಿ ತೆಗೆದು ಟೈರಿನೊಳಗೆ ಸುತ್ತಲೂ ಚಿಮುಕಿಸಿದ. ಕೋಲಿನ ತುದಿಗೆ ಚಿಂದಿ ಸುತ್ತಿ ಹೊತ್ತಿಸಿದ.

"ಅತ್ಲಾಗೆ ನಿಂತ್ಕೊ. ಇನ್ನೂ ಆಚೆ. ಬಾಯಿ ತೆರೆದಿಟ್ಕೊ, ಕಿವಿಗೆ ಒಳ್ಳೇದು."

ಕಿಡಿ ತಾಕಿತು. ರಿಮ್ಮಿನ ಸುತ್ತ ನೀಲಿ ಬೆಂಕಿಯ ಉಂಗುರ ಒಂದು ಕ್ಷಣ ಬೆಳಗಿತು. ಧಡ್ ಎಂಬ ಸದ್ದು ಗ್ರೋವಾಳ ಎದೆಗೇ ಬಡಿದಂತಾಯಿತು. ಹೊಗೆ ಸರಿದಾಗ ಸ್ಫೋಟಕ್ಕೆ ಉಬ್ಬಿದ ಟೈರು ರಿಮ್ಮಿನ ಮೇಲೆ ದುಂಡಗೆ ಕುಳಿತಿತ್ತು. ಇಲ್ಲುಗಿ ಅವಸರದಲ್ಲಿ ಪಂಪಿನ ಕೊಳವೆ ಸಿಕ್ಕಿಸುತ್ತಿದ್ದ. ಕಬ್ಬಿಣ ಮುಟ್ಟಿದರೆ ಕೈ ಅಂಟಿಕೊಳ್ಳುವಂಥ ಚಳಿಯಲ್ಲಿ, ಹಿಮದ ನೆತ್ತಿಯ ಮೇಲೆ, ಬೆಂಕಿಯನ್ನೇ ನುಂಗಿ ಎದ್ದು ಕುಳಿತ ಆ ರಬ್ಬರನ್ನು ಗ್ರೋವಾ ಕೈಗವಸು ತೆಗೆದು ಮುಟ್ಟಿ ನೋಡಿದಳು. ಅದು ಇನ್ನೂ ಬೆಚ್ಚಗಿತ್ತು.

"ಇದನ್ನ ಶಾಲೆ ಮಕ್ಕಳಿಗೂ ಹೇಳಿಕೊಡ್ತೀಯಾ?"

"ಅವರಿಗೆ ಬರೀ ಕೊಳಲು," ಎಂದ ಇಲ್ಲುಗಿ.

ನೆತ್ತಿ ದಾಟಿ ಕಣಿವೆಗೆ ಇಳಿದರು. ಕಣಿವೆಯಲ್ಲಿ ಏನೂ ಇರಲಿಲ್ಲ. ಒಂದು ಬಾಲವಿಲ್ಲ, ಒಂದು ಕಿವಿಯಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒರೆಸಿಟ್ಟಂತೆ ಬಿಳುಪು. ಇಲ್ಲುಗಿ ಇನ್ನೂ ಮುಂದಕ್ಕೆ ಹೋಗುವವನಿದ್ದ. ಅಷ್ಟರಲ್ಲಿ ಆ ಸೀಮೆಯ ಚಳಿಗಾಲದಲ್ಲಿ ತಡವಾಗಿಯೇ ಏಳುವ ಸೂರ್ಯ ದಕ್ಷಿಣದ ದಿಬ್ಬದ ಮೇಲೆ ಅಂಚಷ್ಟೇ ತೋರಿಸಿದ. ಬೆಳಕು ಹಿಮದ ಮೇಲೆ ಅಡ್ಡಲಾಗಿ ಹರಿಯಿತು.

"ನಿಲ್ಸು," ಎಂದಳು ಗ್ರೋವಾ. "ಇಲ್ಲುಗಿ, ನಿಲ್ಸು. ಎಂಜಿನ್ ಆರಿಸು."

ಮುಂದೆ, ಸ್ವಲ್ಪವೇ ದೂರದಲ್ಲಿ, ನೆಲದಿಂದ ಹೊಗೆ ಏಳುತ್ತಿತ್ತು. ಒಂದಲ್ಲ, ಹಲವು. ಎಳೆ ಎಳೆಯಾಗಿ, ಕೆಂಪು ಬೆಳಕಿನಲ್ಲಿ ಹೊಳೆಯುತ್ತ, ಸ್ವಲ್ಪ ಎದ್ದು ನಿಂತು, ಕರಗಿ, ಮತ್ತೆ ಏಳುತ್ತಿತ್ತು. ಇನ್ನೊಂದಿಷ್ಟು ಮುಂದೆ ಹೋಗಿದ್ದರೆ ಗಾಲಿಗಳು ಅವುಗಳ ಮೇಲೆಯೇ ಹರಿಯುತ್ತಿದ್ದವು.

ಗ್ರೋವಾ ಹೂತುಹೋಗದಂತೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದಳು. ಹಿಮದಲ್ಲಿ ಬಟ್ಟಲಿನಷ್ಟು ಅಗಲದ ತೂತು, ಅದರ ಅಂಚಿನಲ್ಲಿ ಹಳದಿಗಟ್ಟಿದ ಮಂಜಿನ ಹರಳು. ಮುಖ ಬಗ್ಗಿಸಿದಳು. ಒಳಗಿನ ಕತ್ತಲೆಯಿಂದ ಬಿಸಿಯುಸಿರು ಕೆನ್ನೆಗೆ ಬಡಿಯಿತು. ಹುಲ್ಲಿನ ವಾಸನೆ, ಕುದುರೆಯ ವಾಸನೆ. ಈ ಹಿಮದ ಕೆಳಗೆ ಅವು ನಿಂತಲ್ಲೇ ನಿಂತು, ಒಂದರ ಮೈಯ ಬಿಸಿ ಇನ್ನೊಂದಕ್ಕೆ ಕೊಡುತ್ತ, ಮೂಗಿನಷ್ಟೇ ಆಕಾಶ ಕೊರೆದುಕೊಂಡು ಕಾದಿದ್ದವು.

"ಬ್ರೂನಾ," ಎಂದು ಮೆಲ್ಲಗೆ ಕರೆದಳು. ಹಿಂಡನ್ನು ನಡೆಸುವ ಮುದಿ ಹೆಣ್ಣು ಕುದುರೆಯ ಹೆಸರು ಅದು. ತೂತಿನೊಳಗಿಂದ ಗಂಟಲ ಆಳದ ಗುರುಗುರು ಸದ್ದು ಬಂತು.

ಆಮೇಲೆ ಬರೀ ಅಗೆತ. ಎದೆಯ ಮುಂದೆ ಜಾಗ ಬಿಡಿಸಿಕೊಟ್ಟರೆ ಕುದುರೆಗಳು ತಾವೇ ಒದ್ದಾಡಿ, ಹಿಮ ಸಿಡಿಸಿ, ಮೇಲೆ ಬರುತ್ತಿದ್ದವು. ಹನ್ನೊಂದು ಎದ್ದವು. ಎರಡು ಏಳಲಿಲ್ಲ. ಗಾಳಿ ಬಂದ ದಿಕ್ಕಿನಲ್ಲಿ ನಿಂತು ಉಳಿದವಕ್ಕೆ ಗೋಡೆಯಾದವು ಅವೆರಡೇ. ಗ್ರೋವಾ ಅವುಗಳ ಹಣೆಯ ಕೂದಲು ಸರಿಸಿ, ಕಣ್ಣು ಮುಚ್ಚಿಸಿ, ಮತ್ತೆ ಸಲಿಕೆ ಹಿಡಿದಳು.

ಎದ್ದ ಕುದುರೆಗಳು ಅಲ್ಲಾಡಲಾರದೆ ನಿಂತವು. ಒಂದೊಂದು ಹೆಜ್ಜೆಗೂ ಹೊಟ್ಟೆಯವರೆಗೆ ಹೂತುಹೋಗುತ್ತಿದ್ದವು. ಮೈಯಲ್ಲಿ ಕಸುವಿರಲಿಲ್ಲ. "ಈ ಗುಡ್ಡ ಹತ್ತೋದ್ರೊಳಗೆ ಬಿದ್ದು ಸಾಯ್ತವೆ," ಎಂದಳು.

ಇಲ್ಲುಗಿ ಬಂದ ದಾರಿಯನ್ನು ನೋಡಿದ. "ಹಂಗಾದ್ರೆ ರಸ್ತೆ ಮಾಡಾಣ."

ಅವನು ಜೀಪನ್ನು ಬಂದ ಜಾಡಿನ ಮೇಲೆಯೇ ಹಿಂದಕ್ಕೆ ಓಡಿಸಿದ, ಮತ್ತೆ ಮುಂದಕ್ಕೆ, ಒಂದು ಗಾಲಿಯಷ್ಟು ಪಕ್ಕಕ್ಕೆ ಸರಿದು ಇನ್ನೊಮ್ಮೆ. ಮೆತ್ತನೆಯ ಟೈರುಗಳು ಹಿಮವನ್ನು ರೊಟ್ಟಿ ತಟ್ಟಿದಂತೆ ತಟ್ಟುತ್ತ ಗುಡ್ಡ ಹತ್ತಿ ಇಳಿದವು. ಆಮೇಲೆ ಕಾಯಬೇಕಾಯಿತು. ತುಳಿದ ಹಿಮ ತಾನೇ ಬಿಗಿದುಕೊಳ್ಳಬೇಕು, ಅಲ್ಲಿಯವರೆಗೆ ಕಾಲಿಡಿಸಬೇಡ ಎಂದ. ಜೀಪಿನಲ್ಲಿ ಕುಳಿತು ಫ್ಲಾಸ್ಕಿನ ಕಾಫಿ ಕುಡಿದರು, ಹೊಗೆಯಾಡಿಸಿದ ಕುರಿಮಾಂಸ ಇಟ್ಟ ಚಪ್ಪಟೆ ರೊಟ್ಟಿ ತಿಂದರು. ಇಲ್ಲುಗಿ ಗ್ರೋವಾಳ ಲೋಟಕ್ಕೆ ಇನ್ನಷ್ಟು ಸುರಿದ.

ಬ್ರೂನಾ ಮೊದಲು ಮೂಸಿತು. ಮುಂಗಾಲಿನಿಂದ ಒಮ್ಮೆ ಕುಟ್ಟಿ ನೋಡಿತು. ಆಮೇಲೆ ತನ್ನ ಇಡೀ ಭಾರವನ್ನು ಜಾಡಿನ ಮೇಲೆ ಹಾಕಿತು. ಜಾಡು ತಡೆಯಿತು. ಒಂದರ ಹಿಂದೆ ಒಂದಾಗಿ ಹನ್ನೊಂದೂ ಹೊರಟವು. ಜೀಪು ದೀಪ ಹಾಕಿಕೊಂಡು ಮುಂದೆ, ಗ್ರೋವಾ ನಡೆಯುತ್ತ ಹಿಂದೆ. ಎರಡೂ ಕಡೆ ಆಳ ತಿಳಿಯದ ಬಿಳುಪು, ನಡುವೆ ಗಾಡಿಯಷ್ಟೇ ಅಗಲದ ದಾರಿ. ಅದರ ಮೇಲೆ ಗೊರಸುಗಳ ಸದ್ದು ಮರದ ಸೇತುವೆಯ ಮೇಲೆ ಕೇಳಿಸುವಂತೆ ಟೊಳ್ಳಾಗಿ ಕೇಳಿಸುತ್ತಿತ್ತು. ಹೊತ್ತು ಮುಳುಗಿ ಹಿಮ ನೀಲಿಯಾಯಿತು. ಅವಳು ಉಸಿರು ಬಿಗಿಹಿಡಿದೇ ನಡೆದಳು, ಜೋರಾಗಿ ಉಸಿರಾಡಿದರೆ ದಾರಿ ಒಡೆದೀತು ಎಂಬಂತೆ. ದಾರಿ ಒಡೆಯಲಿಲ್ಲ. ಅಂಗಳಕ್ಕೆ ಬಂದ ಕುದುರೆಗಳು ಹುಲ್ಲಿನ ರಾಶಿಗೆ ಮುಖ ಹೂತವು.

ಏಪ್ರಿಲ್ ಕೊನೆಗೆ ಹಿಮ ಕರಗಿತು. ಹೊಲ ಬಯಲಾಯಿತು, ಹಳ್ಳ ಹರಿಯಿತು, ಗುಡ್ಡದಲ್ಲಿ ಕಂದು ಹುಲ್ಲು ಕಂಡಿತು. ಆದರೆ ಟೈರು ತುಳಿದಿದ್ದ ಹಿಮ ಕಲ್ಲಿನಂತೆ ಬಿಗಿದಿದ್ದರಿಂದ ಅದು ಮಾತ್ರ ಕರಗಲಿಲ್ಲ. ಸುತ್ತಲಿನ ಹಿಮ ಇಳಿದುಹೋಗಿ, ಆ ಜಾಡು ಮೊಣಕಾಲೆತ್ತರದ ಬಿಳಿ ದಿಣ್ಣೆಯಾಗಿ, ಅಂಗಳದಿಂದ ನೆತ್ತಿಯವರೆಗೆ ಎದ್ದು ನಿಂತಿತು. ಗ್ರೋವಾ ಇಲ್ಲುಗಿಯನ್ನು ಕರೆದು ತೋರಿಸಿದಳು. ಇಬ್ಬರೂ ಬೇಲಿಗೆ ಒರಗಿ ಬಹಳ ಹೊತ್ತು ನೋಡಿದರು. ಅದರ ಮೇಲೆ ಒಂದು ನರಿ ಅವಸರವಿಲ್ಲದೆ ಗುಡ್ಡ ಹತ್ತುತ್ತಿತ್ತು.