ಮೂವತ್ತೊಂದನೆಯ ನಾಯಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಕೈ ಮಾತ್ರ ಅಲುಗುವುದಿಲ್ಲ. ಪ್ರಾಣಿಗಳ ಆಸ್ಪತ್ರೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ರಕ್ತ ಅಳೆದ ಕೈ ಇದು.

ನಮ್ಮ ದೊಡ್ಡ ಡಾಕ್ಟರು ನಲವತ್ತು ಆರೋಗ್ಯವಂತ ನಾಯಿಗಳ ಪಟ್ಟಿ ಮಾಡುತ್ತಿದ್ದರು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಗಟ್ಟಿಮುಟ್ಟಾದ ನಾಯಿಯಲ್ಲಿ ಎಷ್ಟಿರುತ್ತವೆ ಎಂದು ಗೊತ್ತುಮಾಡಬೇಕಿತ್ತು. ನಾಯಿಗಳು ಸಾಲಲಿಲ್ಲವೆಂದು ಅಕ್ಕನ ನಾಯಿ ಮೊಂಡನನ್ನೂ ಎಳೆದುತಂದೆ. ಮೂವತ್ತೊಂದನೆಯವನು. ಕುಣಿಯುತ್ತಲೇ ಬಂದ, ನನ್ನ ಬಿಳಿ ಕೋಟಿನ ಗುಂಡಿಯೊಂದನ್ನು ನುಂಗಿ ಹೋದ.

ಉಳಿದ ನಾಯಿಗಳಲ್ಲಿ ನೂರರ ಆಸುಪಾಸು ಇದ್ದ ಒಂದು ಪ್ರೋಟೀನು ಅವನಲ್ಲಿ ನಾಲ್ಕು. ಹೊಸದಾಗಿ ರಕ್ತ ತೆಗೆದೆ, ಟ್ಯೂಬಿನ ಗೆರೆಯವರೆಗೆ ತುಂಬಿದೆ, ತಡಮಾಡದೆ ಅಳೆದೆ. ಮತ್ತೆ ನಾಲ್ಕು. ಮೂರನೆಯ ಸಲವೂ ಅಷ್ಟೇ.

"ಕುಣಿಯೋ ನಾಯಿಗೆ ನಾಲ್ಕು ಹೇಗೆ ಬರುತ್ತೆ?" ದೊಡ್ಡ ಡಾಕ್ಟರು ರಿಜಿಸ್ಟರನ್ನು ನನ್ನತ್ತ ತಳ್ಳಿದರು. "ಪಟ್ಟಿಯಿಂದ ತೆಗಿ. ಕಾರಣದ ಕಾಲಂನಲ್ಲಿ 'ಪರೀಕ್ಷಕಿಯ ತಪ್ಪು' ಅಂತ ಬರೆದು ಸಹಿ ಹಾಕು. ನಾಳೆ ಬೆಳಿಗ್ಗೆ ಅದಕ್ಕೆ ಮರಿ ಆಗದ ಹಾಗೆ ಆಪರೇಷನ್ ಇದೆಯಲ್ಲ, ಮುಗಿಸಿಬಿಡ್ತೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ತಪ್ಪು ನನ್ನದೆಂದು ಸಹಿ ಹಾಕಿದರೆ ಆಪರೇಷನ್ ನಡೆದೇ ನಡೆಯುತ್ತದೆ, ರಕ್ತ ಹೆಪ್ಪುಗಟ್ಟದ ಮೊಂಡ ಆ ಮೇಜಿನ ಮೇಲೆ ರಕ್ತ ಸುರಿದೇ ಸಾಯುತ್ತಾನೆ. ಮೈಯೆಲ್ಲ ಉರಿದುಹೋಯಿತು.

"ಹಾಕಲ್ಲ ಸಾರ್."

"ನಿಂದು ಯಾವಾಗ್ಲೂ ಹಿಡಿದ ಮೊಲಕ್ಕೆ ಮೂರೇ ಕಾಲು."

"ಮೊಲದ ಕಾಲು ನೀವು ಎಣಿಸ್ಕೊಳ್ಳಿ. ನಾನು ಅಳೆದಿದ್ದು ನಾಯಿ ರಕ್ತ."

ಮನೆಗೆ ಬಂದರೆ ಅಕ್ಕನೂ ಅವರ ಕಡೆಯೇ. "ಅಷ್ಟು ಓದಿದೋರು ಹೇಳ್ತಿದಾರೆ, ನಿಂದೇನೇ ಅಧಿಕಪ್ರಸಂಗ?" ಅಂದಳು. ನಾನು ಊಟ ಬಿಟ್ಟು ಎದ್ದೆ.

ಬೆಳಿಗ್ಗೆ ಅವಳು ಮೊಂಡನನ್ನು ಕರೆತರುವ ಹೊತ್ತಿಗೆ ಆಪರೇಷನ್ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದೆ.

"ಮೊದಲು ಒಂದು ಉಗುರನ್ನ ರಕ್ತ ಬರೋಷ್ಟು ಕತ್ತರಿಸಿ ಸಾರ್. ಐದಾರು ನಿಮಿಷದಲ್ಲಿ ರಕ್ತ ನಿಂತ್ರೆ ಸಹಿನೂ ಹಾಕ್ತೀನಿ, ಕೆಲಸಾನೂ ಬಿಡ್ತೀನಿ."

ಡಾಕ್ಟರು ಪಂಥಕ್ಕೆ ಬಿದ್ದು ಕತ್ತರಿಸಿದರು. ಐದು ನಿಮಿಷ ಕಳೆಯಿತು. ಹತ್ತೂ ಕಳೆಯಿತು. ಮೊಂಡ ಬಾಲ ಆಡಿಸುತ್ತ ಅವರ ಬೂಟಿನ ಮೇಲೆಯೇ ರಕ್ತ ತೊಟ್ಟಿಕ್ಕಿಸುತ್ತ ನಿಂತಿದ್ದ. ಹದಿನೈದನೆಯ ನಿಮಿಷಕ್ಕೆ ಅಕ್ಕ ಅಳಲು ಶುರುಮಾಡಿದಳು. ಡಾಕ್ಟರು ತಾವೇ ನೆಲದ ಮೇಲೆ ಕೂತು ಪಾದಕ್ಕೆ ಹತ್ತಿ ಒತ್ತಿ ಹಿಡಿದರು.

"ಹೇಗೂ ಇದು ಆರೋಗ್ಯವಂತ ನಾಯಿ ಅಲ್ಲ," ತಲೆಯೆತ್ತದೆ ಗೊಣಗಿದರು. "ಪಟ್ಟಿಯಿಂದ ತೆಗೀಲೇಬೇಕು."

"ಧಾರಾಳವಾಗಿ ತೆಗೀರಿ," ಎಂದು ರಿಜಿಸ್ಟರ್ ತಂದು ಅವರ ಮುಂದೆ ಬಿಡಿಸಿ ಹಿಡಿದೆ. "ಕಾರಣ ಮಾತ್ರ ನೀವೇ ಬರೀರಿ."

ಒಂದು ಕೈ ಮೊಂಡನ ಪಾದ ಒತ್ತಿಕೊಂಡೇ ಇತ್ತು. ಇನ್ನೊಂದರಲ್ಲಿ ಪೆನ್ನು ಹಿಡಿದು ಬರೆದರು: 'ಪರೀಕ್ಷೆ ಸರಿ. ನಾಯಿಗೆ ಕಾಯಿಲೆ.' ಕೆಳಗೆ ಅವರ ಸಹಿ ಬೀಳುವವರೆಗೂ ನಾನು ಪುಸ್ತಕ ಕದಲಿಸಲಿಲ್ಲ.